ಟ್ರೂಸೋ ಸಿಂಡ್ರೋಮ್: ಕಾಲಿನಲ್ಲಿ ಹೆಪ್ಪು, ಕಾರಣ ಇನ್ನೆಲ್ಲೋ

ಒಂದು ಕಾಲು ಮಾತ್ರ ಊದಿದೆ. ಮೀನಖಂಡ ಬಿಗಿಯಾಗಿದೆ, ಮುಟ್ಟಿದರೆ ಬಿಸಿ. ಬೆಳಿಗ್ಗೆ ಸಲೀಸಾಗಿ ಹಾಕಿಕೊಂಡ ಚಪ್ಪಲಿಯ ಪಟ್ಟಿ ಸಂಜೆಗೆ ಒತ್ತುತ್ತಿದೆ. ಆಗ ನಮ್ಮ ಮನೆಗಳಲ್ಲಿ ಮೊದಲು ನೆನಪಾಗೋದು ಬಿಸಿ ಎಣ್ಣೆ. ದಯವಿಟ್ಟು ತಿಕ್ಕಬೇಡಿ. ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅದು ಎಮರ್ಜೆನ್ಸಿ.

ಈ ಕಾಯಿಲೆಗೆ ಡಾಕ್ಟರುಗಳು ಡಿವಿಟಿ, ಅಂದರೆ ಡೀಪ್ ವೇನ್ ಥ್ರಾಂಬೋಸಿಸ್ ಅನ್ನುತ್ತಾರೆ. ಪತ್ತೆ ಮಾಡೋದು ಡಾಪ್ಲರ್ ಸ್ಕ್ಯಾನಿನಲ್ಲಿ. ಕಾಲಿಗೆ ಜೆಲ್ ಹಚ್ಚಿ, ಅಲ್ಲಲ್ಲಿ ಒತ್ತಿ ನೋಡುತ್ತಾರೆ. ಸರಿಯಾಗಿರುವ ರಕ್ತನಾಳ ಒತ್ತಿದ ಕೂಡಲೇ ಚಪ್ಪಟೆಯಾಗುತ್ತದೆ. ಹೆಪ್ಪು ಇದ್ದ ಜಾಗ ಜಗ್ಗೋದಿಲ್ಲ.

ಸಾಮಾನ್ಯವಾಗಿ ಇದಕ್ಕೊಂದು ಕಾರಣ ಸಿಗುತ್ತದೆ. ಆಪರೇಷನ್, ಮೂಳೆ ಮುರಿತ, ತುಂಬಾ ದಿನ ಮಲಗಿದ್ದು, ಬಾಣಂತನ, ಗರ್ಭನಿರೋಧಕ ಮಾತ್ರೆ. ಇದ್ಯಾವುದೂ ಇಲ್ಲದೆ ಹೆಪ್ಪು ಬಂದರೆ? ಕೆಲವರಲ್ಲಿ ಅದು ಇನ್ನೂ ಪತ್ತೆಯಾಗದ ಕ್ಯಾನ್ಸರಿನ ಮೊದಲ ಸುಳಿವು. ಈ ನಂಟಿಗೇ ಟ್ರೂಸೋ ಸಿಂಡ್ರೋಮ್ ಎಂಬ ಹೆಸರು.

ಆರ್ಮಾಂಡ್ ಟ್ರೂಸೋ ಪ್ಯಾರಿಸ್ಸಿನ ವೈದ್ಯರು. ಒಳಗೆ ಕ್ಯಾನ್ಸರ್ ಅಡಗಿರುವವರಲ್ಲಿ ರಕ್ತ ಹೀಗೆ ಹೆಪ್ಪುಗಟ್ಟುವುದನ್ನು ಅವರು 1865ರಲ್ಲಿ ವಿವರಿಸಿದರು. 1867ರ ಆರಂಭದಲ್ಲಿ ತಮ್ಮ ಮೈಯಲ್ಲೇ ಅಂಥ ಊತ ಕಂಡರು. ಇನ್ನು ತಾನು ಉಳಿಯೋದಿಲ್ಲ ಎಂದು ಶಿಷ್ಯನಿಗೆ ಹೇಳಿದರು. ಅದೇ ವರ್ಷದ ಜೂನಿನಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ.

ಕ್ಯಾನ್ಸರಿಗೂ ಹೆಪ್ಪಿಗೂ ಏನು ಸಂಬಂಧ? ಗಾಯವಾದಾಗ ರಕ್ತ ನಿಲ್ಲಿಸಲು ಮೈ ಬಳಸುವ ಒಂದು ಪ್ರೋಟೀನನ್ನು, ಟಿಶ್ಯೂ ಫ್ಯಾಕ್ಟರನ್ನು, ಅನೇಕ ಕ್ಯಾನ್ಸರ್ ಕೋಶಗಳು ಗಾಯವಿಲ್ಲದೆಯೇ ಹೊರಬಿಡುತ್ತವೆ. ಕೆಲವೊಮ್ಮೆ ಗಡ್ಡೆಯೇ ರಕ್ತನಾಳವನ್ನು ಅದುಮುತ್ತದೆ. ಮೇದೋಜೀರಕ ಗ್ರಂಥಿ, ಜಠರ, ಶ್ವಾಸಕೋಶ, ಅಂಡಾಶಯದ ಕ್ಯಾನ್ಸರುಗಳಲ್ಲಿ ಇದು ಜಾಸ್ತಿ.

ಹಾಗಂತ ಕಾಲು ಊದಿದವರೆಲ್ಲ ಹೆದರಬೇಕಿಲ್ಲ. ಕಾರಣವಿಲ್ಲದೆ ಹೆಪ್ಪು ಬಂದ 854 ಜನರ ಮೇಲೆ ಕೆನಡಾದಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾಗಿದ್ದು 33 ಮಂದಿಗೆ. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೊಟ್ಟೆಯ ಸಿಟಿ ಸ್ಕ್ಯಾನನ್ನೂ ಮಾಡಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭವೂ ಆಗಲಿಲ್ಲ. ಹಾಗಾಗಿ ಸುಮ್ನೆ ದುಬಾರಿ ಸ್ಕ್ಯಾನುಗಳ ಹಿಂದೆ ಓಡಬೇಡಿ. ವಿವರವಾದ ವಿಚಾರಣೆ, ಮೈ ಪರೀಕ್ಷೆ, ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ವಯಸ್ಸಿಗೆ ತಕ್ಕ ಸ್ತನ, ಗರ್ಭಕಂಠ, ಪ್ರಾಸ್ಟೇಟ್ ತಪಾಸಣೆ. ಹೆಚ್ಚಿನವರಿಗೆ ಇಷ್ಟು ಸಾಕು.

ಆದರೆ ತೂಕ ಇಳಿಯುತ್ತಿದ್ದರೆ, ಊಟ ಸೇರದಿದ್ದರೆ, ಮಲದಲ್ಲಿ ರಕ್ತ ಕಂಡರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಪ್ಪದೆ ತಗೊಂಡರೂ ಮತ್ತೆ ಹೆಪ್ಪುಗಟ್ಟಿದರೆ, ಒಂದು ಕಡೆ ವಾಸಿಯಾಗಿ ಇನ್ನೊಂದು ಕಡೆ ಕಾಣಿಸಿಕೊಂಡರೆ, ಆಗ ಹುಡುಕಾಟವನ್ನು ಮೊದಲಿನಿಂದ ಶುರು ಮಾಡಬೇಕು.