ಸಾಫ್ಟ್‌ವೇರ್ ಮೆಟ್ರಿಕ್ಸ್: ಅಂಕಿಗಿಂತ ಮೊದಲು ಪ್ರಶ್ನೆ

ತಂತ್ರಾಂಶವನ್ನೂ ಅದನ್ನು ಕಟ್ಟುವ ಕೆಲಸವನ್ನೂ ಅಂಕಿಗಳಲ್ಲಿ ಹಿಡಿದಿಡುವ ಅಳತೆಗಳಿಗೆ ಒಟ್ಟಾರೆಯಾಗಿ ಸಾಫ್ಟ್‌ವೇರ್ ಮೆಟ್ರಿಕ್ಸ್ ಎಂದು ಹೆಸರು. ಒಂದು ಪ್ರೋಗ್ರಾಮ್ ಎಷ್ಟು ದೊಡ್ಡದು, ಎಷ್ಟು ಜಟಿಲ, ಅದರಲ್ಲಿ ಎಷ್ಟು ದೋಷಗಳು ಸಿಕ್ಕಿವೆ ಎನ್ನುವುದು ಉತ್ಪನ್ನದ ಅಳತೆ. ಒಂದು ಬಗ್, ಅಂದರೆ ದೋಷ, ವರದಿಯಾದ ಮೇಲೆ ಸರಿಹೋಗಲು ಎಷ್ಟು ದಿನ ಹಿಡಿಯಿತು, ಕೋಡ್ ಪರಿಶೀಲನೆಯಲ್ಲಿ ಸಿಗಬೇಕಾಗಿದ್ದ ತಪ್ಪುಗಳಲ್ಲಿ ಎಷ್ಟು ಮುಂದಕ್ಕೆ ನುಸುಳಿದವು ಎನ್ನುವುದು ಕೆಲಸದ ವಿಧಾನದ ಅಳತೆ. ಈ ಎರಡನೆಯ ಬಗೆಯ ಕುರಿತು ಮಾತು ಕಡಿಮೆ. ನನ್ನ ಮಟ್ಟಿಗೆ ಹೆಚ್ಚಿನ ಉಪಯೋಗ ಇರುವುದು ಅದರಲ್ಲೇ.

ಬರೀ ಎಣಿಕೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಂದು ಬಿಡುಗಡೆಯಲ್ಲಿ 40 ಬಗ್ ಸಿಕ್ಕಿವೆ ಎಂದರೆ ಸಂತೋಷಪಡಬೇಕೋ ಗಾಬರಿಯಾಗಬೇಕೋ? 2 ಲಕ್ಷ ಸಾಲುಗಳ ಕೋಡಿನಲ್ಲಿ 40 ಎಂದರೆ ಸಾವಿರ ಸಾಲಿಗೆ 0.2. 4,000 ಸಾಲುಗಳಲ್ಲಿ 40 ಎಂದರೆ ಸಾವಿರಕ್ಕೆ 10. ಹೀಗೆ ಗಾತ್ರದಿಂದ ಭಾಗಿಸಿ ಬರುವ ಸಂಖ್ಯೆಯೇ ದೋಷ ಸಾಂದ್ರತೆ, ಕಚೇರಿಗಳ ಮಾತಿನಲ್ಲಿ ಡಿಫೆಕ್ಟ್ ಡೆನ್ಸಿಟಿ. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 0.2 ಬಂದದ್ದು ಕೋಡ್ ಚೆನ್ನಾಗಿರುವುದರಿಂದಲೋ, ಯಾರೂ ಸರಿಯಾಗಿ ಪರೀಕ್ಷಿಸದೇ ಇದ್ದುದರಿಂದಲೋ ಎನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಗಾತ್ರವನ್ನು ಸಾಲುಗಳಲ್ಲಿ ಅಳೆಯುವುದು ಬಹಳ ಹಳೆಯ ರೂಢಿ. ಅದರ ತೊಂದರೆಯನ್ನು ಆಪಲ್ ಕಂಪನಿಯ ಒಂದು ಪ್ರಸಂಗ ಚೆನ್ನಾಗಿ ತೋರಿಸುತ್ತದೆ. 1982ರಲ್ಲಿ ಲೀಸಾ ಕಂಪ್ಯೂಟರಿನ ತಂಡದ ಮ್ಯಾನೇಜರುಗಳು ಪ್ರತಿ ಶುಕ್ರವಾರ ಎಂಜಿನಿಯರುಗಳಿಂದ ಒಂದು ಫಾರಂ ತುಂಬಿಸಿಕೊಳ್ಳತೊಡಗಿದರು. ಆ ವಾರ ಎಷ್ಟು ಸಾಲು ಬರೆದಿರಿ ಎನ್ನುವ ಪ್ರಶ್ನೆಯೂ ಅದರಲ್ಲಿತ್ತು. ಬಿಲ್ ಅಟ್ಕಿನ್ಸನ್ ಆಗಷ್ಟೇ ಕ್ವಿಕ್‌ಡ್ರಾ ಎಂಬ ಚಿತ್ರಣ ತಂತ್ರಾಂಶದ ಒಂದು ಭಾಗವನ್ನು ಹೊಸದಾಗಿ ಬರೆದಿದ್ದರು. ಅದು ಸುಮಾರು ಆರು ಪಟ್ಟು ವೇಗವಾಗಿತ್ತು, ಜೊತೆಗೆ 2,000 ಸಾಲುಗಳಷ್ಟು ಚಿಕ್ಕದಾಗಿತ್ತು. ಫಾರಂನಲ್ಲಿ ಅವರು ‘-2000’ ಎಂದು ಬರೆದುಕೊಟ್ಟರು. ಕೆಲವು ವಾರಗಳ ನಂತರ ಅವರಿಂದ ಫಾರಂ ಕೇಳುವುದನ್ನೇ ಮ್ಯಾನೇಜರುಗಳು ಬಿಟ್ಟರು. ಉಳಿದವರು ತುಂಬುತ್ತಲೇ ಹೋದರೇನೋ, ಪಾಪ. ಇದಕ್ಕೂ ಮೊದಲೇ, 1979ರಲ್ಲಿ, ಐಬಿಎಂನ ಅಲನ್ ಆಲ್ಬ್ರೆಕ್ಟ್ ಬೇರೆ ದಾರಿಯನ್ನು ಮುಂದಿಟ್ಟಿದ್ದರು. ತಂತ್ರಾಂಶ ಸ್ವೀಕರಿಸುವ ಮಾಹಿತಿ, ಹೊರಗೆ ಕೊಡುವ ವರದಿ, ಇಟ್ಟುಕೊಳ್ಳುವ ಕಡತ ಇತ್ಯಾದಿಗಳನ್ನು ಎಣಿಸಿ, ಬಳಕೆದಾರನ ಕಡೆಯಿಂದ ಗಾತ್ರವನ್ನು ಅಳೆಯುವ ಆ ಪದ್ಧತಿಗೆ ಫಂಕ್ಷನ್ ಪಾಯಿಂಟ್ ಎಂದು ಹೆಸರು. ಯಾವ ಭಾಷೆಯಲ್ಲಿ ಕೋಡ್ ಬರೆದರೂ ಅಳತೆ ಒಂದೇ ಇರಬೇಕೆಂಬುದು ಅದರ ಆಶಯ. ಎಣಿಸಲು ತರಬೇತಿ ಬೇಕು, ಸಮಯವೂ ಬೇಕು. ಹಾಗಾಗಿ ಸಾಲು ಎಣಿಸುವವರು ಇನ್ನೂ ಇದ್ದಾರೆ.

ಜಟಿಲತೆಯ ಅಳತೆಗಳಲ್ಲಿ ಹೆಸರುವಾಸಿಯಾದದ್ದು ಥಾಮಸ್ ಮೆಕೇಬ್ 1976ರಲ್ಲಿ ಪ್ರಕಟಿಸಿದ ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿ. ಹೆಸರು ಹೆದರಿಸುತ್ತದೆ, ಲೆಕ್ಕ ಸುಲಭ. ಫಂಕ್ಷನ್ ಎಂದರೆ ಒಂದು ಕೆಲಸ ಮಾಡುವ ಕೋಡಿನ ತುಣುಕು. ಎಲ್ಲೂ ಕವಲೊಡೆಯದೆ ಮೇಲಿನಿಂದ ಕೆಳಗೆ ಓಡುವ ಫಂಕ್ಷನ್‌ಗೆ 1. ಪ್ರತಿ ‘ಇಫ್’ಗೆ (ಷರತ್ತಿಗೆ), ಪ್ರತಿ ಲೂಪಿಗೆ (ಮರುಕಳಿಕೆಗೆ) ಇನ್ನೊಂದು ಕೂಡಿಸುತ್ತಾ ಹೋಗಬೇಕು. ವಿದ್ಯುತ್ ಬಿಲ್ ಹಾಕುವ ಒಂದು ಫಂಕ್ಷನ್ ಇದೆ ಎನ್ನೋಣ. ಈ ತಿಂಗಳ ರೀಡಿಂಗ್ ಹಿಂದಿನದಕ್ಕಿಂತ ಕಡಿಮೆಯೇ, ಸಂಪರ್ಕ ಮನೆಯದೇ, ಬಳಕೆ ಮಿತಿ ಮೀರಿದೆಯೇ, ಹಳೆಯ ಬಾಕಿ ಇದೆಯೇ ಎಂದು ನಾಲ್ಕು ಕಡೆ ಅದು ಕೇಳಿದರೆ ಅದರ ಸಂಖ್ಯೆ 5. ಅಂದರೆ ಪರಸ್ಪರ ಸ್ವತಂತ್ರವಾದ ಐದು ದಾರಿಗಳಿವೆ. ಅವೆಲ್ಲವನ್ನೂ ಒಮ್ಮೆಯಾದರೂ ನಡೆದು ನೋಡಬೇಕೆಂದರೆ ಐದು ಟೆಸ್ಟ್ ಬರೆಯಬೇಕು. ಯಾವ ಫಂಕ್ಷನ್ ಮೇಲೆ ಹೆಚ್ಚು ಹೊತ್ತು ಕಣ್ಣಿಡಬೇಕು ಎಂದು ತೀರ್ಮಾನಿಸಲು ಇದು ಒಳ್ಳೆಯ ಸುಳಿವು.

ಈ ಸಂಖ್ಯೆ 10ನ್ನು ದಾಟಬಾರದು ಎನ್ನುವ ನಿಯಮ ಎಷ್ಟೋ ಕಂಪನಿಗಳಲ್ಲಿ ಶಾಸನದಂತೆ ಜಾರಿಯಲ್ಲಿದೆ. ಮೆಕೇಬ್ ಅವರೇ ತಮ್ಮ ಪ್ರಬಂಧದಲ್ಲಿ, ಹತ್ತು ಎನ್ನುವುದು ಸಮಂಜಸವಾದ ಮಿತಿಯೇ ಹೊರತು ಅದರಲ್ಲಿ ಮಂತ್ರಶಕ್ತಿಯೇನಿಲ್ಲ ಎಂಬ ಅರ್ಥದ ಮಾತು ಬರೆದಿದ್ದರು. ಉದ್ದುದ್ದ ಆಯ್ಕೆಪಟ್ಟಿಯ ಕೋಡಿಗೆ ವಿನಾಯಿತಿಯನ್ನೂ ಕೊಟ್ಟಿದ್ದರು. ಆ ಎರಡು ವಾಕ್ಯಗಳನ್ನು ಓದಿದವರು ಕಡಿಮೆ ಎಂದು ಕಾಣುತ್ತದೆ.

ಇನ್ನು ಕೆಲಸದ ವಿಧಾನದ ಅಳತೆ. ಇಲ್ಲಿ ಒಂದು ಕಾಲ್ಪನಿಕ ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡುವುದು ಒಳ್ಳೆಯದು. ಒಂದು ತಂತ್ರಾಂಶದಲ್ಲಿ ಒಟ್ಟು 200 ದೋಷಗಳು ದಾಖಲಾಗಿವೆ. ವಿನ್ಯಾಸದ ಪರಿಶೀಲನೆಯಲ್ಲಿ 40, ಕೋಡ್ ಪರಿಶೀಲನೆಯಲ್ಲಿ 60, ಟೆಸ್ಟಿಂಗ್‌ನಲ್ಲಿ 70 ಸಿಕ್ಕವು. ಬಿಡುಗಡೆಯಾದ ಮೂರು ತಿಂಗಳಲ್ಲಿ ಗ್ರಾಹಕರು 30 ದೋಷಗಳನ್ನು ಹಿಡಿದುಕೊಟ್ಟರು. ಗ್ರಾಹಕರ ಕೈಗೆ ಹೋಗುವ ಮೊದಲೇ 170 ಸಿಕ್ಕಿದ್ದರಿಂದ ತಂಡದ ದೋಷ ನಿವಾರಣಾ ದಕ್ಷತೆ ಶೇ 85. ಈ ಒಂದು ಸಂಖ್ಯೆಯನ್ನು ಹಿಡಿದುಕೊಂಡು ಸಭೆಗೆ ಹೋದರೆ ಆಗುವುದಿಷ್ಟೇ: ಟೆಸ್ಟಿಂಗ್ ಇನ್ನೂ ಬಿಗಿಯಾಗಬೇಕು, ಇನ್ನಿಬ್ಬರು ಟೆಸ್ಟರುಗಳನ್ನು ಸೇರಿಸಿಕೊಳ್ಳೋಣ ಎಂಬ ತೀರ್ಮಾನ.

ದೋಷ ಹುಟ್ಟಿದ್ದು ಎಲ್ಲಿ ಎನ್ನುವುದನ್ನೂ ಬರೆದಿಟ್ಟಿದ್ದರೆ ಚಿತ್ರ ಬೇರೆಯಾಗುತ್ತದೆ. ಆ 200ರಲ್ಲಿ 80 ವಿನ್ಯಾಸದ ಹಂತದಲ್ಲೇ ಹುಟ್ಟಿದವು, 120 ಕೋಡ್ ಬರೆಯುವಾಗ ಸೇರಿಕೊಂಡವು ಎನ್ನೋಣ. ವಿನ್ಯಾಸ ಪರಿಶೀಲನೆಯ ಮುಂದೆ 80 ಇದ್ದವು, 40 ಸಿಕ್ಕವು, ಅರ್ಧಕ್ಕರ್ಧ. ಉಳಿದ 40ಕ್ಕೆ ಹೊಸ 120 ಕೂಡಿ ಕೋಡ್ ಪರಿಶೀಲನೆಯ ಮುಂದೆ 160 ಇದ್ದವು. ಸಿಕ್ಕಿದ್ದು 60, ಅಂದರೆ ಶೇ 37.5 ಮಾತ್ರ. ಟೆಸ್ಟಿಂಗ್‌ಗೆ ಬಂದು ಬಿದ್ದದ್ದು 100, ಹಿಡಿದದ್ದು 70, ಶೇ 70. ಎಲ್ಲರೂ ಬೈಯುತ್ತಿದ್ದ ಟೆಸ್ಟಿಂಗ್ ವಿಭಾಗವೇ ಮೂವರಲ್ಲಿ ಚೆನ್ನಾಗಿ ಕೆಲಸ ಮಾಡಿದೆ! ಸೋರುತ್ತಿರುವುದು ಕೋಡ್ ಪರಿಶೀಲನೆಯಲ್ಲಿ. ಈಗ ಕೇಳಬೇಕಾದದ್ದು, ಪರಿಶೀಲಿಸುವವರಿಗೆ ಒಂದು ಸಲಕ್ಕೆ ಎಷ್ಟು ಸಾಲು ಕೊಡುತ್ತಿದ್ದೇವೆ, ಓದಲು ಎಷ್ಟು ಹೊತ್ತು ಕೊಡುತ್ತಿದ್ದೇವೆ ಎಂದು. ಸಂಜೆ ಐದಕ್ಕೆ ಎರಡು ಸಾವಿರ ಸಾಲು ಕಳುಹಿಸಿ ಆರಕ್ಕೆ ಒಪ್ಪಿಗೆ ಕೇಳಿದರೆ ಯಾರು ತಾನೇ ಓದಿಯಾರು? ತುಣುಕುಗಳನ್ನು ಚಿಕ್ಕದಾಗಿಸಿ, ಮುಂದಿನ ಬಿಡುಗಡೆಯಲ್ಲಿ ಮತ್ತೆ ಅದೇ ಲೆಕ್ಕ ಹಾಕಿ, 37.5 ಮೇಲಕ್ಕೆ ಹೋಯಿತೇ ಎಂದು ನೋಡಬೇಕು. ಸಂಖ್ಯೆಯಿಂದ ಒಂದು ಊಹೆ, ಊಹೆಯಿಂದ ಒಂದೇ ಒಂದು ಬದಲಾವಣೆ, ಮತ್ತೆ ಎಣಿಕೆ. ಅಳತೆಯಿಂದ ಸುಧಾರಣೆ ಎಂದರೆ ಈ ಸುತ್ತು. ಒಟ್ಟಿಗೆ ಮೂರು ಬದಲಾವಣೆ ಮಾಡಿದರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ.

ಕೋಡನ್ನು ಕೂತು ಓದುವುದರಲ್ಲಿ ಇಷ್ಟು ಶಕ್ತಿಯಿದೆಯೇ ಎಂದು ಅನುಮಾನಿಸುವವರಿಗೆ ಹಳೆಯ ಸಾಕ್ಷ್ಯವಿದೆ. ಐಬಿಎಂನ ಮೈಕಲ್ ಫೇಗನ್ 1976ರಲ್ಲೇ, ಪಾತ್ರಗಳನ್ನು ಹಂಚಿಕೊಂಡು ಸಿದ್ಧತೆ ಮಾಡಿಕೊಂಡು ಕೋಡ್ ತಪಾಸಣೆ ನಡೆಸುವ ಪದ್ಧತಿಯನ್ನು ಅಂಕಿಗಳ ಸಮೇತ ವಿವರಿಸಿದ್ದರು. 1987ರಲ್ಲಿ ವಿಕ್ಟರ್ ಬಸೀಲಿ ಮತ್ತು ರಿಚರ್ಡ್ ಸೆಲ್ಬಿ ಪ್ರಕಟಿಸಿದ ಪ್ರಯೋಗದಲ್ಲಿ, ಅನುಭವಿ ಪ್ರೋಗ್ರಾಮರುಗಳು ಎರಡು ಬಗೆಯ ಟೆಸ್ಟಿಂಗ್‌ಗಿಂತ ಕೋಡ್ ಓದುವುದರಿಂದಲೇ ಹೆಚ್ಚು ದೋಷಗಳನ್ನು ಪತ್ತೆ ಮಾಡಿದರು.

ಈ ಬಸೀಲಿಯವರ ಹೆಸರು ಮೆಟ್ರಿಕ್ಸ್ ವಿಷಯದಲ್ಲಿ ಮತ್ತೆ ಮತ್ತೆ ಬರುತ್ತದೆ. 1976ರಲ್ಲಿ ನಾಸಾದ ಗೊಡಾರ್ಡ್ ಬಾಹ್ಯಾಕಾಶ ಕೇಂದ್ರ, ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಕಂಪ್ಯೂಟರ್ ಸೈನ್ಸಸ್ ಕಾರ್ಪೊರೇಷನ್ ಮೂವರೂ ಸೇರಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಲ್ಯಾಬೊರೇಟರಿ ಎಂಬ ಸಂಸ್ಥೆಯನ್ನು ಕಟ್ಟಿದರು. ಉಪಗ್ರಹಗಳ ಚಲನೆಯ ಲೆಕ್ಕ ಹಾಕುವ ತಂತ್ರಾಂಶವನ್ನು ನಿಜವಾಗಿ ಬರೆಯುತ್ತಿದ್ದ ತಂಡಗಳನ್ನೇ ಅದು ಸುಮಾರು ಕಾಲು ಶತಮಾನ ಅಧ್ಯಯನ ಮಾಡಿತು. ಆ ಅನುಭವದಿಂದ ಬಂದ ದೊಡ್ಡ ಪಾಠವೆಂದರೆ, ಸಿಕ್ಕಿದ್ದನ್ನೆಲ್ಲ ಎಣಿಸಿ ಆಮೇಲೆ ಅರ್ಥ ಹುಡುಕಬಾರದು ಎಂಬುದು. 1984ರಲ್ಲಿ ಬಸೀಲಿ ಮತ್ತು ಡೇವಿಡ್ ವೈಸ್ ಅದನ್ನು ಒಂದು ವಿಧಾನವಾಗಿ ಬರೆದರು. ಗೋಲ್–ಕ್ವೆಶ್ಚನ್–ಮೆಟ್ರಿಕ್ ಎಂದು ಅದು ಪ್ರಸಿದ್ಧವಾಯಿತು. ಮೊದಲು ಗುರಿ: ಗ್ರಾಹಕರಿಗೆ ತಲುಪುವ ದೋಷ ಕಡಿಮೆಯಾಗಬೇಕು. ಅದರಿಂದ ಪ್ರಶ್ನೆ: ಅವು ಯಾವ ಹಂತದಲ್ಲಿ ಹುಟ್ಟುತ್ತಿವೆ, ಯಾವ ಜರಡಿಯಲ್ಲಿ ನುಸುಳುತ್ತಿವೆ? ಕೊನೆಗೆ ಅಳತೆ: ಮೇಲೆ ನೋಡಿದ ಶೇಕಡಾವಾರು. ಯಾವ ಪ್ರಶ್ನೆಗೂ ಉತ್ತರವಾಗದ ಸಂಖ್ಯೆಯನ್ನು ಸಂಗ್ರಹಿಸಲೇಬೇಕಾಗಿಲ್ಲ. ಅಂಕಿಗಳನ್ನು ಪರದೆಯ ಮೇಲೆ ತೋರಿಸುವ ಇಂದಿನ ಡ್ಯಾಶ್‌ಬೋರ್ಡುಗಳಿಗೆ ಈ ನಿಯಮವನ್ನು ಹಚ್ಚಿದರೆ ಅರ್ಧ ಪರದೆ ಖಾಲಿಯಾದೀತು.

ಅಳತೆಯನ್ನು ಕೊನೆಯವರೆಗೂ ಕೊಂಡೊಯ್ದವರೆಂದರೆ ಹ್ಯೂಸ್ಟನ್‌ನಲ್ಲಿ ಸ್ಪೇಸ್ ಶಟಲ್ ನೌಕೆಯೊಳಗಿನ ತಂತ್ರಾಂಶ ಬರೆದ ಐಬಿಎಂ ತಂಡ. ಸುಮಾರು 4.2 ಲಕ್ಷ ಸಾಲುಗಳ ಆ ತಂತ್ರಾಂಶದ 11 ಆವೃತ್ತಿಗಳಲ್ಲಿ ಒಟ್ಟು 17 ದೋಷಗಳು ಮಾತ್ರ ಸಿಕ್ಕಿದ್ದವು ಎಂದು 1990ರ ದಶಕದ ವರದಿಗಳು ಹೇಳುತ್ತವೆ. ಪ್ರತಿ ದೋಷಕ್ಕೂ ಅವರಲ್ಲಿ ಒಂದು ಕಥೆಯೇ ದಾಖಲಾಗುತ್ತಿತ್ತು. ಹೇಗೆ ಸೇರಿಕೊಂಡಿತು, ಯಾವ ಪರಿಶೀಲನೆಗಳು ಅದನ್ನು ಬಿಟ್ಟುಕೊಟ್ಟವು, ಅಂಥದೇ ತಪ್ಪು ಬೇರೆಲ್ಲಾದರೂ ಅಡಗಿದೆಯೇ? ಮಾಡಿದವರು ಯಾರು ಎಂಬುದಕ್ಕಿಂತ ಯಾವ ಹಂತ ಅದನ್ನು ಬಿಟ್ಟಿತು ಎನ್ನುವುದೇ ಅವರಿಗೆ ಮುಖ್ಯವಾಗಿತ್ತು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ರೂಪಿಸಿದ, ತಂತ್ರಾಂಶ ಕಟ್ಟುವ ಸಂಸ್ಥೆಯ ಕೆಲಸದ ವಿಧಾನ ಎಷ್ಟು ಪಕ್ವವಾಗಿದೆ ಎಂದು ಅಳೆಯುವ, ಐದು ಹಂತಗಳ ಸಿಎಂಎಂ (ಕೆಪಬಿಲಿಟಿ ಮೆಚ್ಯೂರಿಟಿ ಮಾಡೆಲ್) ಮಾದರಿಯಲ್ಲಿ ಅತ್ಯುನ್ನತವಾದ ಐದನೆಯ ಹಂತಕ್ಕೆ ಮೊದಲು ಏರಿದ್ದು ಇದೇ ತಂಡ. ಬೆಂಗಳೂರಿಗೂ ಈ ಕಥೆಯಲ್ಲಿ ಜಾಗವಿದೆ. 1990ರ ದಶಕದ ಮೊದಲರ್ಧದಲ್ಲೇ ಇಲ್ಲಿನ ಮೊಟೊರೊಲಾ ಘಟಕ ಆ ಹಂತವನ್ನು ಮುಟ್ಟಿತು. ಆ ಮೇಲೆ ಭಾರತದ ಹಲವಾರು ಕಂಪನಿಗಳು ಹಿಂಬಾಲಿಸಿದವು. ಸಿಎಂಎಂನ ನಾಲ್ಕನೆಯ ಹಂತಕ್ಕೆ ಅಂಕಿಗಳ ಆಧಾರದಲ್ಲಿ ಕೆಲಸವನ್ನು ಹದ್ದಿನಲ್ಲಿಡುವುದು ಕಡ್ಡಾಯವಾಗಿತ್ತು. 1924ರಲ್ಲಿ ವಾಲ್ಟರ್ ಶೂಹಾರ್ಟ್ ಕಾರ್ಖಾನೆಗಳಿಗಾಗಿ ರೂಪಿಸಿದ ನಿಯಂತ್ರಣ ನಕ್ಷೆ ಹೀಗೆ ಸಾಫ್ಟ್‌ವೇರ್ ಕಚೇರಿಗಳ ಗೋಡೆಗೆ ಬಂತು. ಸಂಖ್ಯೆ ಎಂದಿನ ಏರಿಳಿತದ ಮಿತಿಯೊಳಗಿದ್ದರೆ ಸುಮ್ಮನಿರು, ಮಿತಿ ದಾಟಿದರೆ ಕಾರಣ ಹುಡುಕು ಎನ್ನುವುದು ಅದರ ತಿರುಳು. ವಾರಕ್ಕೊಮ್ಮೆ ಎರಡು ಬಗ್ ಹೆಚ್ಚಾಯಿತೆಂದು ಕೂಗಾಡುವ ಮ್ಯಾನೇಜರಿಗೆ ಇದನ್ನು ಕಡ್ಡಾಯವಾಗಿ ಕಲಿಸಬೇಕು.

ರಫ್ತು ವ್ಯವಹಾರಕ್ಕೆ ಪ್ರಮಾಣಪತ್ರ ಬೇಕೆಂಬ ಕಾಲದಲ್ಲಿ ಅಳತೆಯ ಉದ್ದೇಶ ತಿರುಗಿದ್ದೂ ಉಂಟು. ವಾರದ ಕೊನೆಯಲ್ಲಿ ನೆನಪಿನಿಂದಲೋ ಕಲ್ಪನೆಯಿಂದಲೋ ತುಂಬಿದ ಗಂಟೆಗಳ ಪಟ್ಟಿಯಿಂದ ಎಂಥ ನಕ್ಷೆ ಬರೆದರೂ ಅದು ಕಲ್ಪನೆಯ ನಕ್ಷೆಯೇ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದರಿಂದ ಮುಂದೆ ರೂಪುಗೊಂಡ ಮಾತು ಇಲ್ಲಿಗೂ ಸಲ್ಲುತ್ತದೆ: ಅಳತೆಯನ್ನೇ ಗುರಿ ಮಾಡಿದರೆ ಅದು ಅಳತೆಯಾಗಿ ಉಳಿಯುವುದಿಲ್ಲ. ಬರೀ ಲೀಟರ್ ಲೆಕ್ಕದಲ್ಲಿ ದುಡ್ಡು ಕೊಡುವ ಡೈರಿಗೆ ನೀರು ಬೆರೆತ ಹಾಲು ಬರುತ್ತದೆ. ಅದಕ್ಕೇ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಕೊಬ್ಬಿನ ಅಂಶವನ್ನೂ ನೋಡುತ್ತಾರೆ. ಬಗ್ ಹುಡುಕಿದ್ದಕ್ಕೆ ಟೆಸ್ಟರಿಗೆ ಅಂಕ ಕೊಟ್ಟರೆ ಒಂದೇ ಬಗ್ ಮೂರು ರೂಪದಲ್ಲಿ ವರದಿಯಾಗುತ್ತದೆ. ಬಗ್ ಬಂದದ್ದಕ್ಕೆ ಪ್ರೋಗ್ರಾಮರಿನ ಅಂಕ ಕಳೆದರೆ ‘ಇದು ಬಗ್ ಅಲ್ಲ, ಹೊಸ ಬೇಡಿಕೆ’ ಎಂಬ ವಾದಕ್ಕೆ ಅರ್ಧ ದಿನ ಹೋಗುತ್ತದೆ. ಕೋಡಿನ ಶೇ 90 ಭಾಗ ಟೆಸ್ಟ್‌ಗೆ ಒಳಪಡಲೇಬೇಕೆಂದರೆ, ಕೋಡನ್ನು ಓಡಿಸಿ ಏನನ್ನೂ ಪರೀಕ್ಷಿಸದ ಟೆಸ್ಟ್‌ಗಳು ಹುಟ್ಟುತ್ತವೆ.

ಇದಕ್ಕೆ ಒಂದು ಮದ್ದು, ಎದುರುಬದುರು ಎಳೆಯುವ ಅಳತೆಗಳನ್ನು ಜೋಡಿಯಾಗಿ ಇಡುವುದು. ಕಳೆದ ದಶಕದಲ್ಲಿ ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರ ಸಂಶೋಧನೆಯಿಂದ ಜನಪ್ರಿಯವಾದ, ಡೋರಾ ಎಂದು ಕರೆಯುವ ನಾಲ್ಕು ಅಳತೆಗಳು ಹಾಗಿವೆ. ಎಷ್ಟು ಸಲ ಬಿಡುಗಡೆ ಮಾಡುತ್ತೀರಿ, ಬರೆದ ಕೋಡ್ ಬಳಕೆಗೆ ಬರಲು ಎಷ್ಟು ಹೊತ್ತು ಎನ್ನುವ ಎರಡು ವೇಗದವು. ಬಿಡುಗಡೆಗಳಲ್ಲಿ ಎಷ್ಟು ಕೆಟ್ಟವು, ಕೆಟ್ಟದ್ದು ಸರಿಹೋಗಲು ಎಷ್ಟು ಹೊತ್ತು ಎನ್ನುವ ಎರಡು ಸ್ಥಿರತೆಯವು. ಒಂದನ್ನು ಕೃತಕವಾಗಿ ಏರಿಸಿದರೆ ಇನ್ನೊಂದು ಅದನ್ನು ಬಯಲು ಮಾಡುತ್ತದೆ. ತಂಡಗಳನ್ನು ಪಟ್ಟಿ ಮಾಡಿ ರ್‍ಯಾಂಕ್ ಕೊಡಲು ಇವನ್ನೇ ಬಳಸಿದರೆ ಮಾತ್ರ ಗುಡ್‌ಹಾರ್ಟ್ ಮತ್ತೆ ಗೆಲ್ಲುತ್ತಾರೆ.

ಅಳೆಯಲಾಗದ್ದನ್ನು ನಿಯಂತ್ರಿಸಲಾಗದು ಎಂದು 1982ರಲ್ಲಿ ಬರೆದು ಮೆಟ್ರಿಕ್ಸ್‌ಗೆ ಘೋಷವಾಕ್ಯ ಕೊಟ್ಟ ಟಾಮ್ ಡಿಮಾರ್ಕೊ 2009ರಲ್ಲಿ ತಮ್ಮ ಮಾತಿನ ಬಗ್ಗೆ ತಾವೇ ಸಂಶಯಪಟ್ಟರು. ಹತ್ತು ಲಕ್ಷ ಡಾಲರ್ ಖರ್ಚಿಗೆ ಹನ್ನೊಂದು ಲಕ್ಷ ತರುವ ಯೋಜನೆಗೆ ಬಿಗಿ ನಿಯಂತ್ರಣ ಬೇಕು, ಐದು ಕೋಟಿ ತರುವುದಕ್ಕೆ ಅಷ್ಟಾಗಿ ಬೇಡ ಎನ್ನುವುದು ಅವರ ವಾದ. ಯಾವ ಯೋಜನೆ ಕೈಗೆತ್ತಿಕೊಳ್ಳಬೇಕು ಎನ್ನುವುದರ ಬಗ್ಗೆ ಅವರ ಮಾತು ಸರಿ. ಆದರೆ ಆಸ್ಪತ್ರೆಯ ಉಪಕರಣದಲ್ಲೋ ಬ್ಯಾಂಕಿನ ಲೆಕ್ಕದಲ್ಲೋ ಕೂತ ಕೋಡಿನ ಗುಣಮಟ್ಟಕ್ಕೆ ಆ ವಾದ ತಾಗುವುದಿಲ್ಲ.

ಐದಾರು ಜನರ ತಂಡಕ್ಕೆ ದುಬಾರಿ ಉಪಕರಣವೇನೂ ಬೇಡ. ಬಗ್ ಸರಿಪಡಿಸಿದಾಗ ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದರೆ ಸಾಕು: ಯಾವ ಹಂತದಲ್ಲಿ ಸಿಕ್ಕಿತು, ಯಾವ ಹಂತದಲ್ಲಿ ಹುಟ್ಟಿತು, ಅದಕ್ಕೂ ಮೊದಲು ಎಲ್ಲಿ ಸಿಗಬಹುದಿತ್ತು, ಅಲ್ಲಿ ಏಕೆ ಸಿಗಲಿಲ್ಲ. ಹೆಸರಿನ ಕಾಲಂ ಇರಬಾರದು. ಸರಿಪಡಿಸಿದ ದಿನವೇ ಬರೆಯಬೇಕು, ಏಕೆಂದರೆ ವಾರ ಕಳೆದರೆ ಎರಡನೆಯ ಪ್ರಶ್ನೆಗೆ ಎಲ್ಲರೂ ‘ಕೋಡಿಂಗ್’ ಎಂದೇ ಬರೆಯುತ್ತಾರೆ. ಮೂವತ್ತು ನಲವತ್ತು ದಾಖಲೆ ಸೇರುವವರೆಗೆ ಶೇಕಡಾವಾರು ಲೆಕ್ಕಕ್ಕೆ ಕೈಹಾಕದೆ ನಾಲ್ಕನೆಯ ಕಾಲಂ ಅನ್ನು ಓದುತ್ತಿರುವುದು ವಾಸಿ.