ಫೈಬ್ರೋಸಿಸ್ ಔಷಧಿಗಳ ಕಥೆ: ಗೆದ್ದವು ಕಲಿಸಿದಷ್ಟೇ ಸೋತವೂ ಕಲಿಸಿವೆ

ಗಾಯ ಆದ್ರೆ ಕಲೆ ಉಳಿಯುತ್ತೆ, ಗೊತ್ತಿರೋದೇ. ಅದೇ ಕೆಲಸ ಶ್ವಾಸಕೋಶ, ಲಿವರ್, ಕಿಡ್ನಿ ಒಳಗೆ ನಿಲ್ಲದೇ ನಡೀತಾ ಹೋದ್ರೆ ಮೆತ್ತಗಿರಬೇಕಾದ ಅಂಗದಲ್ಲಿ ಕೊಲಾಜನ್ ಅನ್ನೋ ನಾರಿನಂಥ ಪ್ರೋಟೀನ್ ತುಂಬ್ಕೊಂಡು ಗಟ್ಟಿ ಆಗ್ಬಿಡುತ್ತೆ, ಇದೇ ಫೈಬ್ರೋಸಿಸ್.

ಇದನ್ನ ಅರ್ಥ ಮಾಡ್ಕೊಳ್ಳೋಕೆ ದಾರಿ ತೋರಿಸಿದ್ದು ಒಂದು ಕ್ಯಾನ್ಸರ್ ಔಷಧಿಯ ಸೈಡ್ ಎಫೆಕ್ಟ್! 1960ರ ದಶಕದಲ್ಲಿ ಜಪಾನಿನ ಹಮಾವೊ ಉಮೆಝಾವ ತಂಡ ಕಂಡುಹಿಡಿದ ಬ್ಲಿಯೋಮೈಸಿನ್ ಕೆಲವು ರೋಗಿಗಳ ಶ್ವಾಸಕೋಶಾನೇ ಗಟ್ಟಿ ಮಾಡ್ತಿತ್ತು. ಅದನ್ನೇ ಇಲಿಗಳಿಗೆ ಕೊಟ್ಟು ಬೇಕಂತಲೇ ಫೈಬ್ರೋಸಿಸ್ ಬರಿಸಿ ಸ್ಟಡಿ ಮಾಡೋದು ಶುರುವಾಯ್ತು, ಲ್ಯಾಬ್‌ಗಳಲ್ಲಿ ಈಗ್ಲೂ ನಡೀತಿದೆ. ಆದ್ರೆ ಇಲಿಗಳಲ್ಲಿ ಅದು ಬಹಳ ಸಲ ತಾನಾಗೇ ಕಮ್ಮಿ ಆಗುತ್ತೆ, ಮನುಷ್ಯರಿಗೆ ಹಂಗಾಗಲ್ಲ, ಅದಕ್ಕೇ ಇಲಿಗಳಲ್ಲಿ ಗೆದ್ದ ಎಷ್ಟೋ ಔಷಧಿ ಮನುಷ್ಯರಲ್ಲಿ ಮಕಾಡೆ ಮಲಗಿದ್ವು.

ಅತೀ ದುಬಾರಿ ಪಾಠ ಸ್ಟೀರಾಯ್ಡ್‌ದು. ಕಾರಣ ಗೊತ್ತಿಲ್ಲದೇ ಶ್ವಾಸಕೋಶ ಗಟ್ಟಿಯಾಗೋ ಐಪಿಎಫ್ ಕಾಯಿಲೇಲಿ ಮೊದಲು ಉರಿಯೂತ, ಆಮೇಲೆ ಕಲೆ ಅಂತ ದಶಕಗಟ್ಟಲೆ ನಂಬಿದ್ರು, ಹಂಗಾಗಿ ಉರಿಯೂತ ಇಳಿಸೋಕೆ ಪ್ರೆಡ್ನಿಸೋನ್ ಅನ್ನೋ ಸ್ಟೀರಾಯ್ಡ್, ಇಮ್ಯುನಿಟಿ ತಗ್ಗಿಸೋ ಅಜಾಥಿಯೋಪ್ರಿನ್ ಕೊಡ್ತಿದ್ರು, ಜೊತೆಗೆ ಎನ್-ಅಸಿಟೈಲ್‌ಸಿಸ್ಟೀನ್ ಅನ್ನೋ ಆ್ಯಂಟಿಆಕ್ಸಿಡೆಂಟ್ ಕೂಡ. ಕೊನೆಗೆ ಅಮೆರಿಕದಲ್ಲಿ ಪ್ಯಾಂಥರ್ ಅನ್ನೋ ಟ್ರಯಲ್‌ನಲ್ಲಿ ಈ ಮೂರನ್ನ ಡಮ್ಮಿ ಮಾತ್ರೆ ಜೊತೆ ಹೋಲಿಸಿ ನೋಡಿದ್ರೆ, ಔಷಧಿ ತಗೊಂಡವರಲ್ಲಿ 8 ಸಾವು, ಡಮ್ಮಿ ತಗೊಂಡವರಲ್ಲಿ 1! 2011ರಲ್ಲಿ ಆ ಭಾಗವನ್ನ ಅರ್ಧಕ್ಕೇ ನಿಲ್ಲಿಸಿದ್ರು. ಎಷ್ಟು ವರ್ಷದಿಂದ ಕೊಡ್ತಿದ್ದ ಟ್ರೀಟ್‌ಮೆಂಟ್ ಅದು, ಸರಿಯಾಗಿ ಪರೀಕ್ಷೆ ಮಾಡೋಕೆ ಇಷ್ಟು ಹೊತ್ತು ಬೇಕಾಯ್ತಾ ಅಂತ ಸಿಟ್ಟು ಬರುತ್ತೆ.

ಅಷ್ಟರಲ್ಲಿ ಗಮನ ಬೇರೆ ಕಡೆ ತಿರುಗಿತ್ತು. ವಾಸಿ ಆಗ್ತಿರೋ ಗಾಯದಲ್ಲಿ ಸ್ನಾಯುವಿನ ಥರ ಸಂಕುಚಿಸೋ ಮಯೋಫೈಬ್ರೋಬ್ಲಾಸ್ಟ್ ಅನ್ನೋ ಜೀವಕೋಶ ಇದೆ ಅಂತ ಗಬ್ಬಿಯಾನಿ ತಂಡ 1971ರಲ್ಲೇ ತೋರಿಸಿತ್ತು. ಟಿಜಿಎಫ್-ಬೀಟಾ ಅನ್ನೋ ಪ್ರೋಟೀನ್ ಅದನ್ನ ಎಬ್ಬಿಸುತ್ತೆ, ಅದು ಕೊಲಾಜನ್ ಸುರಿಯುತ್ತೆ. ನಿಂಟೆಡಾನಿಬ್ ಅನ್ನೋ ಔಷಧಿ ಇಂಥ ಜೀವಕೋಶಗಳಿಗೆ ಬೆಳೆಯೋಕೆ ಹೇಳೋ ಸಿಗ್ನಲ್‌ಗಳನ್ನ ತಡೆಯುತ್ತೆ, ಮೊದಲು ಅದನ್ನ ತಯಾರಿಸಿದ್ದು ಕ್ಯಾನ್ಸರ್‌ಗೆ ಅಂತ. ಐಪಿಎಫ್‌ನ ಇನ್ನೊಂದು ಔಷಧಿ ಪಿರ್ಫೆನಿಡೋನ್ 2008ರಲ್ಲೇ ಜಪಾನ್‌ನಲ್ಲಿ ಬಂದಿತ್ತು, 2014ರ ಅಕ್ಟೋಬರ್‌ನಲ್ಲಿ ಅಮೆರಿಕ ಎರಡಕ್ಕೂ ಒಟ್ಟಿಗೆ ಒಪ್ಪಿಗೆ ಕೊಡ್ತು. ಆದ್ರೆ ಇವು ವಾಸಿ ಮಾಡಲ್ಲ, ನಿಧಾನ ಮಾಡ್ತವೆ ಅಷ್ಟೇ: ಒಂದು ಟ್ರಯಲ್‌ನಲ್ಲಿ ಶ್ವಾಸಕೋಶದ ಸಾಮರ್ಥ್ಯ ಡಮ್ಮಿ ತಗೊಂಡವರಲ್ಲಿ ವರ್ಷಕ್ಕೆ ಸುಮಾರು 240 ಮಿ.ಲೀ. ಇಳಿದ್ರೆ ನಿಂಟೆಡಾನಿಬ್ ತಗೊಂಡವರಲ್ಲಿ 115 ಇಳೀತು. ಬೇಧಿ ಅಂತೂ ಬಹಳ ಜನಕ್ಕೆ ಆಗುತ್ತೆ.

ಕಲೆ ಕರಗೋದೇ ಇಲ್ಲ ಅನ್ನೋ ನಂಬಿಕೆ ಒಡೆದಿದ್ದು ಲಿವರ್. ಹೆಪಟೈಟಿಸ್ ಬಿ ವೈರಸ್‌ಗೆ 5 ವರ್ಷ ಟೆನೋಫೊವಿರ್ ಔಷಧಿ ತಗೊಂಡವರ ಬಯಾಪ್ಸಿ ನೋಡಿದ್ರೆ, ಮೊದಲು ಸಿರೋಸಿಸ್ (ಲಿವರ್ ಫೈಬ್ರೋಸಿಸ್‌ನ ಕೊನೇ ಹಂತ) ಇದ್ದ 96 ಜನರಲ್ಲಿ 71 ಜನಕ್ಕೆ ಅದು ಹಿಂದಕ್ಕೆ ಸರಿದಿತ್ತು (2013). ಇದು ಫೈಬ್ರೋಸಿಸ್ ಔಷಧಿಯೇ ಅಲ್ಲ, ಗಾಯ ಮಾಡ್ತಿದ್ದ ವೈರಸ್‌ನ ಹಿಡಿದಿಟ್ಟಿದ್ದು ಅಷ್ಟೇ, ಉಳಿದಿದ್ದನ್ನ ಲಿವರ್ರೇ ನೋಡ್ಕೊಳ್ತು. ಕೊಬ್ಬು ತುಂಬಿ ಗಟ್ಟಿಯಾಗ್ತಿರೋ ಲಿವರ್‌ಗೆ 2024ರಲ್ಲಿ ಬಂದ ರೆಸ್ಮೆಟಿರಾಮ್ ಕೂಡ ಮುಖ್ಯವಾಗಿ ಹೊಡೆಯೋದು ಕೊಬ್ಬಿಗೇ.

ಐಪಿಎಫ್‌ನಲ್ಲಿ ಕಾರಣವೇ ಗೊತ್ತಿಲ್ಲ, ಏನನ್ನ ನಿಲ್ಲಿಸೋದು? ಟಿಜಿಎಫ್-ಬೀಟಾನ ಪೂರ್ತಿ ತಡೆಯೋಣ ಅಂದ್ರೆ ಗಾಯ ಮಾಯೋಕೂ ಇಮ್ಯುನಿಟಿನ ಹತೋಟಿಲಿ ಇಡೋಕೂ ಅದೇ ಬೇಕು. ಸಿಮ್ಟುಜುಮ್ಯಾಬ್, ಜಿರಿಟ್ಯಾಕ್ಸೆಸ್ಟಾಟ್, ಪಾಮ್ರೆವ್ಲುಮ್ಯಾಬ್ ಹೀಗೆ ಬೇರೆ ಬೇರೆ ಕಡೆಯಿಂದ ಹೋದವೂ ದೊಡ್ಡ ಟ್ರಯಲ್‌ಗಳಲ್ಲಿ ಬಿದ್ವು. 2025ರಲ್ಲಿ ಐಪಿಎಫ್‌ಗೆ ಹೊಸ ಔಷಧಿ ನೆರಾಂಡೊಮಿಲಾಸ್ಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ಅದೂ ನಿಧಾನ ಮಾಡುತ್ತೆ ಅಷ್ಟೇ.