ನೋಡಿದ್ದು ಬೇರೆ, ನೋಡಿಕೊಂಡದ್ದು ಬೇರೆ

ಮಡಿಕೇರಿಯಲ್ಲಿ ನರ್ಸ್ ಕೆಲಸಕ್ಕೆ ನಡೆದ ಒಂದು ಸಂದರ್ಶನ. ಪ್ರಶ್ನೆ ಕೇಳುವವಳು ನಾನು, ಎದುರಿಗೆ ಕೂತವಳು ವಿರಾಜಪೇಟೆ ಕಡೆಯ ಹುಡುಗಿ, ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಓದಿದವಳು. ಬಯೋಡೇಟಾದಲ್ಲಿ ಇದ್ದದ್ದು "ಸ್ಟಾಫ್ ನರ್ಸ್, 3 ವರ್ಷ, ಶ್ರಮಜೀವಿ" ಅಂತ ಅಷ್ಟೇ. ಕಂಪ್ಯೂಟರ್ ಸೆಂಟರಿನವರು ಎಲ್ಲರಿಗೂ ಅದನ್ನೇ ಟೈಪ್ ಮಾಡಿ ಕೊಡುತ್ತಾರೆ.

"ಹಾವು ಕಚ್ಚಿದವರನ್ನು ನೋಡಿಕೊಂಡಿದ್ದೀಯೇನಮ್ಮಾ?" ಅಂದೆ.

"ಹೂಂ ಮೇಡಂ, ಮಳೆಗಾಲದಲ್ಲಿ ಜಾಸ್ತಿ ಬರ್ತಿದ್ರು. ತೋಟದ ಕೆಲಸದವರು."

ಆಮೇಲೆ ಪಟಪಟ ಹೇಳಿದಳು. ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಅಲುಗಿಸದೆ 20 ನಿಮಿಷ ಇಟ್ಟು ಹೆಪ್ಪುಗಟ್ಟಿತಾ ನೋಡುವುದು. ಹಾವಿನ ವಿಷಕ್ಕೆ ಕೊಡುವ ಮದ್ದು ಎಎಸ್‌ವಿಯ ಡ್ರಿಪ್ ಶುರುವಾದ ಮೇಲೆ ಬಿಪಿ, ಉಸಿರಾಟ, ಮೈಮೇಲಿನ ದದ್ದು ಗಮನಿಸುವುದು. ಆ ಮದ್ದು ಮೈಗೆ ಒಗ್ಗದಿದ್ದರೆ ಕೊಡಲು ಅಡ್ರಿನಲಿನ್ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು. ಇದರಲ್ಲಿ ಒಂದಕ್ಷರವೂ ಕಾಗದದ ಮೇಲಿರಲಿಲ್ಲ.

ಸಣ್ಣ ಆಸ್ಪತ್ರೆ ಅಂತ ನಮ್ಮ ಹುಡುಗಿಯರಿಗೆ ನಾಚಿಕೆ. ನಾಚಿಕೆ ಯಾಕೆ? 30 ಹಾಸಿಗೆಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಇಬ್ಬರೇ ಇದ್ದರೆ, ಕ್ಯಾಶುವಾಲ್ಟಿಯೂ ಅವರದೇ, ಹೆರಿಗೆ ಕೋಣೆಯೂ ಅವರದೇ. ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವನ ಕುತ್ತಿಗೆ ಅಲುಗದ ಹಾಗೆ ಹಿಡಿದು ಮೈಸೂರಿಗೆ ಆಂಬುಲೆನ್ಸಿನಲ್ಲಿ ಕರೆದೊಯ್ಯುವವರೂ ಅವರೇ. ಬೆಂಗಳೂರಿನ ದೊಡ್ಡ ಆಸ್ಪತ್ರೆಯವರಿಗೆ ಇದು ಹೇಗೆ ಗೊತ್ತಾಗಬೇಕು? ಎಷ್ಟು ಹಾಸಿಗೆ, ಯಾವ ವಾರ್ಡು, ಪಾಳಿಗೆ ಎಷ್ಟು ರೋಗಿಗಳು, ಯಾವ ಕೆಲಸ ಒಬ್ಬಳೇ ಮಾಡಿದೆ, ಯಾವುದಕ್ಕೆ ಬರೀ ಕೈಜೋಡಿಸಿದೆ ಅಂತ ಬರೆಯಿರಿ.

ಕೈಜೋಡಿಸಿದ್ದನ್ನು ಮಾಡಿದ್ದು ಅಂತ ಬರೆದರೆ ಸಿಕ್ಕಿಬೀಳುತ್ತೀರಿ. ವೆಂಟಿಲೇಟರ್ ಗೊತ್ತು ಅಂತ ಬರೆದಿದ್ದ ಒಬ್ಬನಿಗೆ, ಹೈ ಪ್ರೆಶರ್ ಅಲಾರ್ಮ್ ಹೊಡೆದರೆ ಮೊದಲು ಏನು ನೋಡ್ತೀಯ ಅಂತ ಕೇಳಿದೆ. ಮೊದಲು ರೋಗಿಯನ್ನು, ಆಮೇಲೆ ಟ್ಯೂಬ್ ಮಡಚಿದೆಯಾ, ಕಫ ಕಟ್ಟಿದೆಯಾ ಅಂತ ನೋಡಬೇಕು. ಅವನು ಮೆಷಿನ್ ಆಫ್ ಮಾಡುತ್ತೇನೆ ಅಂದ!

ನಮ್ಮ ಕಡೆ ಹೆಸರಿನದೇ ಇನ್ನೊಂದು ತಲೆನೋವು. ಕೊಡವರ ಹುಡುಗಿಗೆ ಮದುವೆಯಾದರೆ ಮನೆತನದ ಹೆಸರು ಬದಲಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಗಲ್ಫ್ ಕೆಲಸಕ್ಕೆ ದಾಖಲೆ ಪರಿಶೀಲಿಸುವ ಡೇಟಾಫ್ಲೋ ಕಂಪನಿಯವರು ಪ್ರತಿ ಸರ್ಟಿಫಿಕೇಟನ್ನೂ ಅದನ್ನು ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸುತ್ತಾರೆ. ಆಗ ಅಲೆದಾಟ ತಪ್ಪಬೇಕಾದರೆ ಈಗಲೇ ಸರಿಮಾಡಿಸಿ. ಬಯೋಡೇಟಾದಲ್ಲಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಇರುವ ಹೆಸರನ್ನೇ ಹಾಕಿ, ನೋಂದಣಿ ಸಂಖ್ಯೆ ಮೇಲ್ಗಡೆಯೇ ಇರಲಿ. ಬಿಎಲ್‌ಎಸ್ (ನಿಂತ ಹೃದಯ, ಉಸಿರಿಗೆ ಕೊಡುವ ತುರ್ತು ಚಿಕಿತ್ಸೆಯ ತರಬೇತಿ) ಕಾರ್ಡು 2 ವರ್ಷಕ್ಕೆ ಮುಗಿಯುತ್ತದೆ, ಆ ತಾರೀಖೂ ಬೇಕು.

ಬರೆದಿಡದ ತಪ್ಪು ನನ್ನದೂ ಇದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರದಲ್ಲಿ ಹಗಲು ರಾತ್ರಿ ಇದ್ದೆ. ಎಷ್ಟು ದಿನ, ಎಷ್ಟು ಜನರ ಗಾಯಕ್ಕೆ ಡ್ರೆಸಿಂಗ್ ಮಾಡಿದೆ ಅಂತ ಈಗ ಕೇಳಿದರೆ ಲೆಕ್ಕವೇ ಇಲ್ಲ. ಅಂದಿನಿಂದ ಡೈರಿ ಇಟ್ಟಿದ್ದೇನೆ. ತಿಂಗಳಿಗೆ ನಾಲ್ಕು ಸಾಲು, ಸಂಬಳ ಬಂದ ದಿನ ಬರೆಯುತ್ತೇನೆ. ಹೊಸದಾಗಿ ಕಲಿತದ್ದು, ಹೋದ ತರಬೇತಿ, ಬದಲಾದ ವಾರ್ಡು. ರೋಗಿಯ ಹೆಸರು ಮಾತ್ರ ಬರೆಯುವುದಿಲ್ಲ.

ಅನುಭವ ಪತ್ರವನ್ನು ಕೆಲಸ ಬಿಡುವ ದಿನವೇ ಕೈಗೆ ತೆಗೆದುಕೊಳ್ಳಿ. ನಾನು ಮೊದಲು ದುಡಿದ ನರ್ಸಿಂಗ್ ಹೋಂ ಮುಚ್ಚಿಹೋಯಿತು. ಅಲ್ಲಿನ ಎರಡು ವರ್ಷಕ್ಕೆ ನನ್ನ ಹತ್ತಿರ ಇವತ್ತಿಗೂ ಒಂದು ಚೀಟಿಯೂ ಇಲ್ಲ.